ಶಿಂಷಾ ತೀರದ ನೆರೆಯೂ ರೈತನ ವಿಮೆಯೂ: ಒಂದು ಐತಿಹಾಸಿಕ ಅವಲೋಕನ



ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ನಮ್ಮನ್ನು ಕೋರಿದಾಗ ಅವರ ಮನಸ್ಸಿನಲ್ಲಿದ್ದುದು ಬಹುಶಃ ಗುರುಗಳ ನಾಮಾವಳಿ, ಗಂಟೆಗೋಪುರದ ಅಸ್ತಿವಾರ, ಹಳೆಯ ಬಲಿಪೀಠದ ಕಥೆ ಮೊದಲಾದವು. ಅವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿಯೇ ಬರೆದಿದ್ದಾರೆ. ನಾವು ಆರಿಸಿಕೊಂಡಿರುವುದು ನೆರೆಯ ವಿಷಯ. ಮದ್ದೂರು ಸೀಮೆಯವರು ನೆರೆಯ ಚರಿತ್ರೆ ಬರೆಯುವುದೆಂದರೆ ಮರುಭೂಮಿಯವರು ಹಡಗಿನ ಚರಿತ್ರೆ ಬರೆದಂತೆ ಎಂದು ಮಂಡಳಿಯ ಸದಸ್ಯರೊಬ್ಬರು ನಕ್ಕರು. ಆ ನಗುವಿಗೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ ಎಂದರೂ ತಪ್ಪಾಗಲಾರದು.

ದೇವಾಲಯಗಳ ದಫ್ತರಗಳನ್ನು ತಿರುವಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಜ್ಞಾನಸ್ನಾನಕ್ಕೆ ಒಂದು ಪುಸ್ತಕ, ವಿವಾಹಕ್ಕೆ ಒಂದು, ಮರಣಕ್ಕೆ ಮತ್ತೊಂದು, ನದಿಗೆ ಪುಟವಿಲ್ಲ. ಕಾಲರಾ ಬಂದ ವರ್ಷವನ್ನು ಮರಣದ ಪುಸ್ತಕದಿಂದ ಊಹಿಸಬಹುದು, ಬರ ಬಂದ ವರ್ಷವನ್ನು ಮದುವೆಗಳು ಕಡಿಮೆಯಾದುದರಿಂದ ಊಹಿಸಬಹುದು. ನೆರೆ ಮಾತ್ರ ಬಂದುಹೋದ ಗುರುತನ್ನೇ ಉಳಿಸುವುದಿಲ್ಲ. ಸೆಮಿನರಿಯಲ್ಲಿ ನಮಗೆ ಪಾಠ ಹೇಳಿದ ವಯೋವೃದ್ಧ ಗುರುಗಳು ಹಳೆಯ ಲತೀನ್ ಪ್ರಾರ್ಥನಾಮಾಲೆಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ಸಿಡಿಲು, ಬಿರುಗಾಳಿ, ಭೂಕಂಪ, ಸಾಂಕ್ರಾಮಿಕ ರೋಗ, ಕ್ಷಾಮ, ಯುದ್ಧ ಇವೆಲ್ಲವುಗಳಿಂದ ರಕ್ಷಿಸೆಂಬ ಬೇಡಿಕೆಗಳಿವೆ. ನೆರೆಯ ಹೆಸರಿಲ್ಲ. ಆಗ ನಾವು ಇದನ್ನು ಗಮನಿಸಿರಲಿಲ್ಲ. 2022ರ ಮಳೆಗಾಲದ ನಂತರ ಗಮನಿಸಿದೆವು.

ಮೊದಲು ನದಿಯ ಪರಿಚಯ ಮಾಡಿಕೊಳ್ಳೋಣ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳ ದಕ್ಷಿಣ ಪಾರ್ಶ್ವದಲ್ಲಿ ಹುಟ್ಟುವ ಶಿಂಷೆಯು ಸುಮಾರು 221 ಕಿಲೋಮೀಟರು ಹರಿದು ಕಾವೇರಿಯನ್ನು ಸೇರುತ್ತದೆ. ಕದಂಬ ನದಿಯೆಂದೂ ಮದ್ದೂರು ಹೊಳೆಯೆಂದೂ ಇದಕ್ಕೆ ಹೆಸರುಂಟು. ಇದರ ಜಲಾನಯನ ಪ್ರದೇಶ ಸುಮಾರು 8,469 ಚದರ ಕಿಲೋಮೀಟರು. ಇಷ್ಟು ವಿಶಾಲವಾದ ನೆಲದ ನೀರು ಒಂದೇ ತೊರೆಗೆ ಬರಬೇಕಾದರೂ ವರ್ಷದ ಬಹುಭಾಗದಲ್ಲಿ ಈ ಹೊಳೆಯಲ್ಲಿ ಕಾಣುವುದು ಮರಳು, ಜೊಂಡು, ಅಲ್ಲಲ್ಲಿ ನಿಂತ ಮಡು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು ಮಾತ್ರ. ಕೊಡಗಿನ ಮಳೆಯಿಂದ ಮೈದುಂಬುವ ಕಾವೇರಿಯ ಗುಣ ಇದಕ್ಕಿಲ್ಲ. ಕಾವೇರಿ ಆಷಾಢ ಶ್ರಾವಣಗಳಲ್ಲಿ, ಜನರೆಲ್ಲರೂ ನಿರೀಕ್ಷಿಸುವ ಹೊತ್ತಿಗೆ ಉಕ್ಕುತ್ತಾಳೆ. ಶಿಂಷೆಯಾದರೋ ಬಯಲುಸೀಮೆಯ ಗುಡುಗಿನ ಮಳೆಯನ್ನು ನಂಬಿದ ಹೊಳೆ. ಆಗಸ್ಟಿನ ಕೊನೆಯಿಂದ ಅಕ್ಟೋಬರಿನವರೆಗೆ, ಅದೂ ಯಾವುದೋ ಒಂದು ರಾತ್ರಿ, ಯಾವುದೋ ಒಂದು ವರ್ಷ.

ಮದ್ದೂರಿಗೆ ಕೆಲವೇ ಕಿಲೋಮೀಟರು ದೂರದ ವೈದ್ಯನಾಥಪುರ ಈ ಹೊಳೆಯ ದಡದ ಊರು. ಅಲ್ಲಿಯ ವೈದ್ಯನಾಥೇಶ್ವರನ ಗುಡಿ ಪುರಾತನವಾದುದು. ಚರ್ಮವ್ಯಾಧಿಯುಳ್ಳವರು ಹರಕೆ ಹೊತ್ತು ಬರುವ ಕ್ಷೇತ್ರವೆಂದು ಸುತ್ತಿನ ಸೀಮೆಯಲ್ಲೆಲ್ಲ ಪ್ರಸಿದ್ಧಿ. ಹಿಂದಿನವರು ದೇವಸ್ಥಾನಗಳನ್ನು ನದಿಯ ಸಮೀಪದಲ್ಲಿಯೇ ಕಟ್ಟಿದರು, ನಿಜ. ಆದರೆ ಊರಿನ ಮನೆಗಳನ್ನು ಅವರು ಎಲ್ಲಿ ಕಟ್ಟುತ್ತಿದ್ದರು ಎಂಬುದನ್ನು ನೋಡಬೇಕು. ಹೊಳೆಯ ದಂಡೆಯ ಹಳೆಯ ಹಳ್ಳಿಗಳ ಮಧ್ಯದಲ್ಲಿ ನಿಂತರೆ ನಾಲ್ಕೂ ಕಡೆಗೆ ನೆಲ ಇಳಿಜಾರಾಗಿರುವುದು ಅನೇಕ ಕಡೆ ಕಾಣುತ್ತದೆ. ಊರು ದಿಬ್ಬದ ಮೇಲೆ, ಗದ್ದೆ ತಗ್ಗಿನಲ್ಲಿ. ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳೂ ಎತ್ತರದ ಹುಣಿಸೆಮರವನ್ನೇ ಹುಡುಕುತ್ತವೆ ಎಂದು ಒಬ್ಬ ವೃದ್ಧರು ನಮಗೆ ತಮಾಷೆಯಾಗಿ ಹೇಳಿದ್ದುಂಟು. ತಗ್ಗಿಗೆ ಮನೆಗಳು ಇಳಿದುಬಂದುದು ಈಚಿನ ಎರಡು ಮೂರು ತಲೆಮಾರುಗಳಲ್ಲಿ.

ಹಳಬರು ಈ ಹೊಳೆಯನ್ನು ನಂಬಿರಲಿಲ್ಲ ಎಂಬುದಕ್ಕೆ ಮತ್ತೊಂದು ಸಾಕ್ಷಿಯುಂಟು. ಮದ್ದೂರಿನಲ್ಲಿ ಶಿಂಷೆಗೆ ಅಡ್ಡಲಾಗಿ 1850ರಲ್ಲಿ ಏಳು ಕಮಾನುಗಳ ದೊಡ್ಡ ಇಟ್ಟಿಗೆಯ ಸೇತುವೆಯನ್ನು ಕಟ್ಟಲಾಯಿತೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಬೇಸಗೆಯಲ್ಲಿ ಮಕ್ಕಳು ಕಾಲು ನೆನೆಯದೆ ದಾಟುವ ಹೊಳೆಗೆ ಏಳು ಕಮಾನುಗಳೇಕೆ? ಕಟ್ಟಿದವರು ಮರಳನ್ನು ನೋಡಿ ಅಳತೆ ಹಾಕಲಿಲ್ಲ. ನೀರಿನ ಗುರುತನ್ನು ಕೇಳಿ ಅಳತೆ ಹಾಕಿದರು.

ಈ ನಾಡಿನಲ್ಲಿ ನೆರೆಯ ಕಥೆ ಎಂದರೆ ಹೊಳೆಯ ಕಥೆ ಎನ್ನುವುದಕ್ಕಿಂತ ಕೆರೆಯ ಕಥೆ ಎನ್ನಬೇಕು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಬರೆದ ವರದಿಯಲ್ಲಿ, ಸಂಸ್ಥಾನದ 27 ಸಾವಿರಕ್ಕೂ ಮಿಕ್ಕಿದ ಚದರ ಮೈಲಿಗಳ ಪೈಕಿ ಸುಮಾರು ನೂರಕ್ಕೆ ಅರವತ್ತರಷ್ಟು ನೆಲವನ್ನು ಇಲ್ಲಿಯ ಜನ ತಮ್ಮ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಡಿಸಿದ್ದಾರೆಂದು ಮೆಚ್ಚುಗೆಯಿಂದ ತಿಳಿಸಿದರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಮತ್ತೂ ಕೆಳಗಿನದಕ್ಕೆ, ಕೊನೆಗೆ ಹೊಳೆಗೆ. ಒಂದು ಹನಿಯನ್ನೂ ಹಾಳುಮಾಡದ ಈ ಸರಪಳಿಯಷ್ಟು ಜಾಣ್ಮೆಯದು ಮತ್ತೊಂದಿಲ್ಲ. ಆದರೆ ಸರಪಳಿಯ ದೋಷವೂ ಅದರಲ್ಲಿಯೇ ಇದೆ. ಅತಿವೃಷ್ಟಿಯ ರಾತ್ರಿ ಮೇಲಿನ ಒಂದು ಏರಿ ಒಡೆದರೆ ಆ ಕೆರೆಯ ನೀರೆಲ್ಲವೂ ಒಮ್ಮೆಗೇ ಎರಡನೆಯ ಕೆರೆಗೆ ನುಗ್ಗುತ್ತದೆ. ಎರಡನೆಯದು ತನ್ನ ನೀರನ್ನೂ ಸೇರಿಸಿ ಮೂರನೆಯದಕ್ಕೆ ಒಪ್ಪಿಸುತ್ತದೆ. ಮಳೆ ಬಿದ್ದುದು ಕುಣಿಗಲಿನಲ್ಲಿ, ಮನೆ ಬಿದ್ದುದು ಮದ್ದೂರಿನಲ್ಲಿ ಎಂದಾಗುವುದು ಹೀಗೆ.

ಇದನ್ನು ತಡೆಯಲು ಹಿಂದಿನವರಲ್ಲಿದ್ದ ಉಪಾಯವೇ ಅವರ ವಿಮೆ ಎನ್ನಬಹುದು. ಗಂಗರ ಕಾಲದ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ನಂತರದ ಶಾಸನಗಳ ಕಟ್ಟುಕೊಡಗೆ ಇವೆಲ್ಲವೂ ಕೆರೆ ಕಟ್ಟಿದವನಿಗೆ, ಏರಿ ದುರಸ್ತಿ ಮಾಡುವವನಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಫಸಲಿನ ಪಾಲು. ನೀರುಗಂಟಿಯು ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದ. ಇಲಿಯ ಬಿಲವೊಂದು ಜಿನುಗಿದರೂ ಊರನ್ನು ಎಬ್ಬಿಸುತ್ತಿದ್ದ. ಅವನಿಗೆ ಊರಿನವರು ಕಣದಲ್ಲಿ ಕೊಡುತ್ತಿದ್ದ ಮೊರದಷ್ಟು ಧಾನ್ಯವೇ ವರ್ಷದ ಕಂತು. ಇಂದು ಅನೇಕ ಕೆರೆಗಳಿಗೆ ನೀರುಗಂಟಿಯೂ ಇಲ್ಲ, ಕೋಡಿಯ ಕಾಲುವೆಯೂ ಇಲ್ಲ. ಕೋಡಿ ಹರಿಯಬೇಕಾದ ಹಳ್ಳದಲ್ಲಿ ನಿವೇಶನಗಳಾಗಿವೆ. ಆ ನಿವೇಶನಗಳನ್ನು ಕೊಂಡವರಲ್ಲಿ ನಮ್ಮ ವಿಶ್ವಾಸಿಗಳೂ ಇದ್ದಾರೆ. ಗೃಹಪ್ರವೇಶಕ್ಕೆ ಹೋಗಿ ತೀರ್ಥ ಚಿಮುಕಿಸಿ ಬಂದ ನಾವೂ ಒಂದು ಮಾತು ಹೇಳಲಿಲ್ಲ.

ಹೀಗಿದ್ದರೂ ಈ ಸೀಮೆಯ ಜನರ ಎದೆಯಲ್ಲಿ ನಿಜವಾದ ಭಯವನ್ನು ನೆಟ್ಟುದು ನೆರೆಯಲ್ಲ, ಬರ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಕಂಡುದನ್ನು ಜನಗಣತಿಯ ಎರಡು ಅಂಕಿಗಳೇ ಹೇಳುತ್ತವೆ: 1871ರಲ್ಲಿ ಸುಮಾರು 50.5 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 41.9 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರಿನಿಂದ ಮದ್ದೂರಿನ ಮೂಲಕ ಮೈಸೂರಿಗೆ ಹೋಗುವ ರೈಲುಮಾರ್ಗವನ್ನು ಕೈಗೊಂಡುದೇ ಕ್ಷಾಮಪೀಡಿತರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ. 1881-82ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಆ ಕ್ಷಾಮದ ನಂತರ ಸಂಸ್ಥಾನದ ಆಡಳಿತ ಯೋಚಿಸಿದುದೆಲ್ಲವೂ ನೀರನ್ನು ಹಿಡಿದಿಡುವ ಬಗೆಯನ್ನು ಕುರಿತೇ. 1911ರಲ್ಲಿ ಕನ್ನಂಬಾಡಿಯ ಕೆಲಸ ಪ್ರಾರಂಭವಾಯಿತು. ಮುಂದೆ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣ ಹೊಲಗಳಿಗೆ ಕಾವೇರಿಯನ್ನು ತಂದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್‌ರವರ ಪರಿಶ್ರಮವನ್ನು ಮಂಡ್ಯದ ಜನ ಇಂದಿಗೂ ಸ್ಮರಿಸುತ್ತಾರೆ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ಉಪಕಾರವನ್ನು ಕಡೆಗಣಿಸುವ ಕೃತಘ್ನತೆ ನಮ್ಮದಲ್ಲ. ಆದರೆ ನಾಲೆ ಬಂದ ಮೇಲೆ ಒಂದು ಅಂಗುಲ ನೆಲವೂ ಬೆಲೆಯುಳ್ಳದ್ದಾಯಿತು. ಹಿಂದೆ ದನ ಮೇಯಲು ಬಿಟ್ಟಿದ್ದ ಹೊಳೆಯ ಅಂಚಿನ ತಗ್ಗು ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ನಾಲೆಯ ಬಸಿನೀರು, ಗದ್ದೆಯ ಹೆಚ್ಚುವರಿ ನೀರು, ಮಳೆಯ ನೀರು ಮೂರೂ ಸೇರುವ ಜಾಗದಲ್ಲಿ ಬಡವನ ಪಾಲಿನ ಒಂದೆರಡು ಎಕರೆ ಇರುತ್ತದೆ.

ಇಲ್ಲಿ ಪ್ರಸಂಗವಶಾತ್ ಒಂದು ಮಾತು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಮಾಲೆಯ ದೇವಾಲಯವನ್ನು ನೋಡಲು ಇಂದು ದೂರದೂರದಿಂದ ಜನ ಬರುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಧರ್ಮಪ್ರಚಾರಕರು ಕಟ್ಟಿಸಿದ ಆ ದೇವಾಲಯ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಮೇಲೇಳುತ್ತದೆ. ಫೋಟೋ ತೆಗೆಯುವವರಿಗೆ ಅದು ರಮ್ಯ ದೃಶ್ಯ. ಅಲ್ಲಿಂದ ಗಂಟುಮೂಟೆ ಕಟ್ಟಿ ಹೊರಟವರಿಗೆ ಅದು ತಾಯಿಯ ಮನೆ. ಆ ಹೇಮಾವತಿಯ ನೀರೇ ಕಾಲುವೆಗಳ ಮೂಲಕ ತುಮಕೂರು ಕಡೆಯ ಶಿಂಷಾ ಕಣಿವೆಯ ಕೆರೆಗಳನ್ನೂ ತುಂಬುತ್ತದೆ. ತುಂಬಲೇಬೇಕು, ಬೇಸಗೆಯಲ್ಲಿ ಅಲ್ಲಿ ಕುಡಿಯುವ ನೀರಿಗೂ ಕಷ್ಟವಿದೆ. ಆದರೆ ಕಾಲುವೆಯ ನೀರಿನಿಂದ ಮೊದಲೇ ತುಂಬಿದ ಕೆರೆಗೆ ಹಿಂಗಾರಿನ ಗುಡುಗುಮಳೆ ಬಿದ್ದರೆ ಅದನ್ನು ಹಿಡಿದುಕೊಳ್ಳಲು ಸ್ಥಳವೆಲ್ಲಿಯದು? ನೀರಾವರಿಗೆ ಕೆರೆ ತುಂಬಿರಬೇಕು, ನೆರೆಯ ತಡೆಗೆ ಕೆರೆ ಬರಿದಿರಬೇಕು. ಎರಡನ್ನೂ ಒಂದೇ ಕೆರೆಯಿಂದ ಕೇಳುವುದು ನ್ಯಾಯವಲ್ಲ.

ನೆರೆಯ ಸ್ಮೃತಿಯಾಗಿ ಹಳೆಯ ಮೈಸೂರಿನಲ್ಲಿ ಉಳಿದುಕೊಂಡಿರುವುದು 1924ರ ಜುಲೈ ತಿಂಗಳ ಕಾವೇರಿ ಪ್ರವಾಹ. ಅದೇ ವರ್ಷದ ಫೆಬ್ರವರಿಯಲ್ಲಿ ಮೈಸೂರು ಮತ್ತು ಮದ್ರಾಸು ಸರ್ಕಾರಗಳು ಕಾವೇರಿಯ ನೀರಿನ ಹಂಚಿಕೆಯ ಒಪ್ಪಂದಕ್ಕೆ ಸಹಿ ಮಾಡಿದ್ದವು. ನೀರು ಸಾಲದೆಂಬ ಜಗಳಕ್ಕೆ ಬರೆದ ಒಪ್ಪಂದದ ಮಸಿ ಆರುವುದರೊಳಗೆ ನದಿಯು ಇಬ್ಬರ ದಡಗಳನ್ನೂ ಮೀರಿ ಹರಿಯಿತು. ಮಲಯಾಳ ದೇಶದಲ್ಲಿ ಅದೇ ಮಳೆಯನ್ನು ತೊಂಬತ್ತೊಂಬತ್ತರ ಪ್ರಳಯವೆಂದು ಇಂದಿಗೂ ಕರೆಯುತ್ತಾರೆ. ಅವರ ಕೊಲ್ಲಂ ಶಕೆಯ 1099ನೆಯ ವರ್ಷ ಅದು. ಕಾವೇರಿಯ ನೆರೆಗಾದರೋ ಇಂಥ ಸಾಕ್ಷಿಗಳಿವೆ. 2018ರ ಆಗಸ್ಟಿನಲ್ಲಿ ಶಿವನಸಮುದ್ರದ ಹಳೆಯ ಕಲ್ಲುಸೇತುವೆಯ ಒಂದು ಭಾಗ ಕೊಚ್ಚಿಹೋದಾಗ ಪತ್ರಿಕೆಗಳೆಲ್ಲ ಚಿತ್ರಸಹಿತ ಬರೆದವು. 2019ರಲ್ಲಿಯೂ 2024ರಲ್ಲಿಯೂ ಕನ್ನಂಬಾಡಿಯಿಂದ ಲಕ್ಷಕ್ಕೂ ಮೀರಿದ ಕ್ಯೂಸೆಕ್ಸ್ ನೀರು ಹೊರಟು ಶ್ರೀರಂಗಪಟ್ಟಣದ ಸ್ನಾನಘಟ್ಟಗಳು ಮುಳುಗಿದುದನ್ನು ನಾಡೆಲ್ಲ ಕಂಡಿತು. ಶಿಂಷೆಗೆ ಅಂಥ ಕೀರ್ತಿಯಿಲ್ಲ.

ಶಿಂಷೆಗೂ ಒಂದು ಅಣೆಕಟ್ಟುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಕಟ್ಟಿದ ಈ ಜಲಾಶಯದ ಹೆಗ್ಗಳಿಕೆ ಅದರ ಸ್ವಯಂಚಾಲಿತ ಸೈಫನ್. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲೆತ್ತುವ ಅಗತ್ಯವಿಲ್ಲದೆ, ಸೈಫನ್ನು ತಾನಾಗಿಯೇ ನೀರನ್ನು ಎಳೆದು ಹೊರಕ್ಕೆ ಚೆಲ್ಲುತ್ತದೆ. ಅಣೆಕಟ್ಟೆಯ ಸುರಕ್ಷತೆಗೆ ಇದು ಅತ್ಯುತ್ತಮ ಏರ್ಪಾಡು. ಕೆಳಗಿನ ದಡದವರ ದೃಷ್ಟಿಯಿಂದ ಹೇಳುವುದಾದರೆ, ಅದು ಯಾರ ಅಪ್ಪಣೆಯನ್ನೂ ಕಾಯದೆ, ಹಗಲು ರಾತ್ರಿಯೆನ್ನದೆ ಹರಿಯುವ ಏರ್ಪಾಡು. ಅಲ್ಲದೆ ಅಲ್ಲಿಗೆ ಬರುವುದು ಸುಮಾರು 4,103 ಚದರ ಕಿಲೋಮೀಟರಿನ ನೀರು ಮಾತ್ರ; ಶಿಂಷೆಯ ಒಟ್ಟು ಜಲಾನಯನದ ಅರ್ಧಕ್ಕಿಂತ ಹೆಚ್ಚಿನದು ಆ ಕಟ್ಟೆಯ ಹಿಡಿತಕ್ಕೆ ಸಿಕ್ಕುವುದೇ ಇಲ್ಲ.

ಈಗ ವಿಮೆಯ ವಿಷಯಕ್ಕೆ ಬರೋಣ. ಕನ್ನಡಿಗರು ಹೆಮ್ಮೆಪಡಬೇಕಾದ, ಆದರೆ ಬಹುತೇಕ ಮರೆತಿರುವ ಅಧ್ಯಾಯವೊಂದು ಇಲ್ಲಿದೆ. ವಿಮೆಯ ಕಲ್ಪನೆ ಮೈಸೂರಿಗೆ ಹೊಸದಾಗಿರಲಿಲ್ಲ. 1891ರಷ್ಟು ಹಿಂದೆಯೇ ಸಂಸ್ಥಾನವು ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತ್ತು. ಇದೇ ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿ ಎಂಬ ಅಧಿಕಾರಿಯು 1915ರ ಸುಮಾರಿಗೆ ರೈತರಿಗಾಗಿ ಮಳೆಯ ವಿಮೆಯ ಯೋಜನೆಯೊಂದನ್ನು ಮುಂದಿಟ್ಟರು. 1920ರಲ್ಲಿ ಅದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಅವರ ಆಲೋಚನೆ ಸರಳ. ಪ್ರತಿಯೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟವನ್ನು ಅಳೆಯುವುದು ಅಸಾಧ್ಯ. ಅಳೆಯಲು ಹೋದರೆ ಮೋಸಕ್ಕೂ ಲಂಚಕ್ಕೂ ದಾರಿ. ಆದ್ದರಿಂದ ಒಂದು ಪ್ರದೇಶಕ್ಕೆ ಒಂದು ಮಳೆಮಾಪಕವನ್ನು ನೆಟ್ಟು, ಅದರಲ್ಲಿ ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಆ ಪ್ರದೇಶದ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ ಕೊಡುವುದು. ಜಗತ್ತಿನ ಬೇರೆ ಕಡೆಗಳಲ್ಲಿ ವಿದ್ವಾಂಸರು ಇಂಥ ಏರ್ಪಾಡನ್ನು ಚರ್ಚಿಸುವುದಕ್ಕೆ ದಶಕಗಳ ಮೊದಲೇ ಮೈಸೂರಿನ ಕಚೇರಿಯೊಂದರಲ್ಲಿ ಕುಳಿತು ಅವರು ಅದರ ಲೆಕ್ಕವನ್ನು ಹಾಕಿದ್ದರು. ಆಗ ಅದು ಕಾರ್ಯಗತವಾಗಲಿಲ್ಲ. ಹವಾಮಾನ ಆಧಾರಿತ ಬೆಳೆವಿಮೆಯನ್ನು ಸರ್ಕಾರದ ಪರವಾಗಿ ಪ್ರಯೋಗಿಸಿ ನೋಡಿದುದು 2007ರ ಮುಂಗಾರಿನಲ್ಲಿ, ಅದೂ ಕರ್ನಾಟಕದಲ್ಲಿಯೇ.

ಚಕ್ರವರ್ತಿಯವರನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಅವರು ಕ್ಷಾಮದ ಮಕ್ಕಳ ಕಾಲದವರು. ಅವರ ಮಾಪಕ ಅಳೆದುದು ಬಾರದ ಮಳೆಯನ್ನು. ಬರವು ಎಲ್ಲರಿಗೂ ಸಮಾನವಾಗಿ ಬರುತ್ತದೆ. ಆಕಾಶ ಬರಿದಾದರೆ ಗೌಡನ ಹೊಲವೂ ಒಣಗುತ್ತದೆ, ಕೂಲಿಯವನ ಹೊಲವೂ ಒಣಗುತ್ತದೆ. ಪ್ರದೇಶಕ್ಕೊಂದು ಅಳತೆ ಎಂಬುದು ಅದಕ್ಕೆ ಒಪ್ಪುತ್ತದೆ. ನೆರೆಯ ಸ್ವಭಾವ ಹಾಗಲ್ಲ. ಅದು ಹೊಳೆಯ ಎರಡೂ ಬದಿಯ ಒಂದು ಪಟ್ಟಿಯನ್ನು ನೆಕ್ಕಿಕೊಂಡು ಹೋಗುತ್ತದೆ. ಪಟ್ಟಿಯಾಚೆಯವರಿಗೆ ಅದೇ ಮಳೆಯಿಂದ ಹುಲುಸಾದ ಫಸಲು. ಇನ್ನು ಮಳೆಮಾಪಕವೋ, ಅದು ಮದ್ದೂರಿನಲ್ಲಿದ್ದರೆ ಕುಣಿಗಲಿನ ಮಳೆಯನ್ನು ಅಳೆಯದು.

ಮುಂದೆ ಬಂದ ಯೋಜನೆಗಳೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದವು. 1979ರಲ್ಲಿ ಪ್ರೊಫೆಸರ್ ದಾಂಡೇಕರರ ಸಲಹೆಯಂತೆ ಪ್ರದೇಶಾಧಾರಿತ ಬೆಳೆವಿಮೆಯ ಪ್ರಯೋಗ ನಡೆಯಿತು. 1985ರಲ್ಲಿ ಸಮಗ್ರ ಬೆಳೆವಿಮೆ, 1999ರಲ್ಲಿ ರಾಷ್ಟ್ರೀಯ ಕೃಷಿ ವಿಮೆ, 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂದವು. ಈ ಕೊನೆಯ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯಗಳಿಗೆ ರೈತನ ಪಾಲಿನ ಕಂತು ವಿಮಾ ಮೊತ್ತದ ನೂರಕ್ಕೆ ಎರಡು ರೂಪಾಯಿ ಮಾತ್ರ. ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಘಟಕ: ಪಂಚಾಯತಿಯ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ, ಸರಾಸರಿ ಇಳುವರಿ ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಪರಿಹಾರ, ಇಳಿಯದಿದ್ದರೆ ಯಾರಿಗೂ ಇಲ್ಲ. ಇದರ ಕೊರತೆಯನ್ನು ಅರಿತು, ಆಲಿಕಲ್ಲು, ಭೂಕುಸಿತ, ಮುಳುಗಡೆಗಳಂಥ ಸ್ಥಳೀಯ ವಿಪತ್ತುಗಳಿಗೆ ಒಬ್ಬೊಬ್ಬ ರೈತನ ಹೊಲವನ್ನೇ ನೋಡಿ ನಷ್ಟ ಕಟ್ಟುವ ಅವಕಾಶವನ್ನೂ ಸೇರಿಸಿದರು; 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವುಂಟು. ಆದರೆ 2018ರಲ್ಲಿ ಭತ್ತದ ಮುಳುಗಡೆಯನ್ನು ಈ ಅವಕಾಶದಿಂದ ತೆಗೆದುಹಾಕಲಾಯಿತು. ಭತ್ತ ನೀರಿನಲ್ಲಿಯೇ ನಿಲ್ಲುವ ಬೆಳೆ, ಮುಳುಗಿದ ಪೈರಿನ ನಷ್ಟವನ್ನು ಅಳೆಯುವುದು ಕಷ್ಟ, ದುರುಪಯೋಗಕ್ಕೂ ಆಸ್ಪದ ಎಂಬುದು ಕಾರಣ. ಕಾಗದದ ಮೇಲೆ ಕಾರಣ ಸರಿಯಾಗಿಯೇ ಕಾಣುತ್ತದೆ. ಮೊಣಕಾಲಿನ ನೀರಿಗೂ ತಲೆ ಮುಳುಗುವ ನೀರಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ಪದವಿ ಬೇಕಾಗಿಲ್ಲವೆಂದು ಮಾತ್ರ ನಮ್ಮ ಅಭಿಪ್ರಾಯ.

ಇಂಥ ನಿಯಮಗಳು ಜಾರಿಯಲ್ಲಿದ್ದಾಗ 2022ರ ಮಳೆಗಾಲ ಬಂದಿತು. ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಹೊಳೆಯಾಗಿ, ಬಸ್ಸುಗಳು ಕಿಟಕಿಯ ಮಟ್ಟಕ್ಕೆ ಮುಳುಗಿದವು. ಮಾರ್ಕೋನಹಳ್ಳಿ ತುಂಬಿ ಹರಿಯಿತು, ಮೇಲಿನ ಕೆರೆಗಳು ಕೋಡಿ ಬಿದ್ದವು, ಶಿಂಷೆ ದಡ ಮೀರಿತು, ಮದ್ದೂರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ನಡೆದುದು ಇನ್ನೂ ವಿಚಿತ್ರ. ಬೆಂಗಳೂರಿಗೆ ಕಾವೇರಿ ನೀರನ್ನು ಒದಗಿಸುವ ಯಂತ್ರಾಗಾರವಿರುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಪಕ್ಕದ ಹಳ್ಳ ಉಕ್ಕಿ ಆ ಯಂತ್ರಾಗಾರಕ್ಕೇ ನೀರು ನುಗ್ಗಿ ಪಂಪುಗಳು ನಿಂತವು. ಮುಖ್ಯಮಂತ್ರಿಗಳೇ ಧಾವಿಸಿ ಬಂದರು. ಮಹಾನಗರದ ಹಲವು ಬಡಾವಣೆಗಳಲ್ಲಿ, ಬೀದಿಯಲ್ಲಿ ನೆರೆಯ ನೀರು ನಿಂತಿರುವಾಗಲೇ, ಕುಡಿಯಲು ನೀರಿಲ್ಲದಂತಾಯಿತು.

ಆ ದಿನಗಳಲ್ಲಿ ಒಂದು ಸಂಜೆ ಹೊಳೆಯ ಬದಿಯ ಕುಟುಂಬವೊಂದನ್ನು ಕಾಣಲು ಹೋಗಿದ್ದೆವು. ಒಂದೂವರೆ ಎಕರೆ ಗದ್ದೆ. ನಾಟಿ ಮಾಡಿ ತಿಂಗಳಾಗಿದ್ದ ಭತ್ತದ ಮೇಲೆ ಐದು ದಿನ ಆಳೆತ್ತರ ಕೆಂಪು ನೀರು ನಿಂತು ಇಳಿದಿತ್ತು. ಉಳಿದುದು ಕೆಸರಿನ ಕಂಬಳಿ, ಅದರೊಳಗಿನಿಂದ ಬರುವ ಕೊಳೆತ ವಾಸನೆ. ಮನೆಯ ಯಜಮಾನ ತಪ್ಪದೆ ಕಂತು ಕಟ್ಟಿದ್ದವನು. ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟಿದ್ದ. 72 ಗಂಟೆಯ ನಿಯಮವೂ ಅವನಿಗೆ ಗೊತ್ತಿತ್ತು, ಎರಡನೆಯ ದಿನವೇ ಫೋನು ಮಾಡಿದ್ದ. ಭತ್ತಕ್ಕೆ ಮುಳುಗಡೆ ಲೆಕ್ಕಕ್ಕೆ ಬರುವುದಿಲ್ಲ ಎಂಬ ಉತ್ತರ ಬಂದಿತ್ತು. ಅವನು ನಮ್ಮನ್ನು ಕೇಳಿದ: “ಸ್ವಾಮಿ, ಮಳೆ ಬರದಿದ್ದರೆ ಕೊಡುತ್ತಾರಂತೆ. ಬಂದರೆ ಕೊಡುವುದಿಲ್ಲವಂತೆ. ಹಾಗಾದರೆ ನಾನು ಯಾವುದಕ್ಕೆ ದುಡ್ಡು ಕಟ್ಟಿದ್ದು?” ಆ ವರ್ಷ ಅವನ ಪಂಚಾಯತಿಯಲ್ಲಿ ಎತ್ತರದ ಗದ್ದೆಗಳು ಚೆನ್ನಾಗಿಯೇ ಬೆಳೆದವು, ಸರಾಸರಿಯೂ ಅವನ ನೆರವಿಗೆ ಬರಲಿಲ್ಲ. ನೂರು ವರ್ಷಗಳ ಹಿಂದೆ ಬರವನ್ನು ನೆನೆದು ಹಾಕಿದ ಲೆಕ್ಕ ಅವನ ಮನೆಯ ಬಾಗಿಲಿಗೆ ಬಂದು ತಲುಪಿದುದು ಹೀಗೆ.

ಸರ್ಕಾರದ ವಿಪತ್ತು ಪರಿಹಾರ ನಿಧಿಯಿಂದ ಒಂದಿಷ್ಟು ಬರುತ್ತದೆ, ಬಂದಿತು. ಕೇಂದ್ರದ ಮಾನದಂಡದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಗರಿಷ್ಠ ಎರಡು ಹೆಕ್ಟೇರಿಗೆ. ಕರ್ನಾಟಕ ಸರ್ಕಾರ ತನ್ನ ಪಾಲನ್ನು ಸೇರಿಸಿ ಅದನ್ನು 25,000ಕ್ಕೆ ಏರಿಸಿತ್ತು. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ಹತ್ತು ಸಾವಿರ. ಉತ್ತು, ನಾಟಿ ಮಾಡಿಸಿ, ಗೊಬ್ಬರ ಹಾಕಿದವರಿಗೆ ಇದು ಎಷ್ಟೆಂಬುದು ತಿಳಿದಿದೆ. ಆದರೂ ನಾವು ಪರಿಹಾರವನ್ನು ಹಗುರಾಗಿ ಕಾಣುವುದಿಲ್ಲ. ಪರಿಹಾರಕ್ಕೂ ವಿಮೆಗೂ ಇರುವ ಅಂತರ ಹಣದ ಮೊತ್ತದಲ್ಲಿಲ್ಲ. ಪರಿಹಾರವನ್ನು ಕೈನೀಡಿ ಬೇಡಬೇಕು, ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕಚೇರಿಯ ಮೆಟ್ಟಿಲು ಹತ್ತಬೇಕು. ವಿಮೆಯನ್ನು ತಲೆಯೆತ್ತಿ ಕೇಳಬಹುದು. ಆ ಯಜಮಾನನ ಪ್ರಶ್ನೆಯಲ್ಲಿ ನಮ್ಮನ್ನು ನೋಯಿಸಿದುದು ಅದೇ.

ಮನೆಗಳ ವಿಷಯದಲ್ಲಿ ನಮ್ಮ ಜನರ ಅಜಾಗರೂಕತೆಯನ್ನೂ ಹೇಳದೆ ಬಿಡಲಾಗದು. ವಾಸದ ಮನೆಗಳಿಗೆ ನೆರೆಯೂ ಸೇರಿದಂತೆ ವಿಮೆ ಕೊಡುವ ಭಾರತ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿ 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲಿಯೂ ದೊರೆಯುತ್ತದೆ. ಮೋಟಾರು ಬೈಸಿಕಲ್ಲಿಗೆ ವಿಮೆಯಿಲ್ಲದೆ ರಸ್ತೆಗಿಳಿಯಲು ಹೆದರುವವರು ಮೂವತ್ತು ವರ್ಷದ ದುಡಿಮೆಯಿಂದ ಕಟ್ಟಿದ ಮನೆಗೆ ಅದನ್ನು ಮಾಡಿಸುವುದಿಲ್ಲ. ಹಿಂದಿನ ಪೂಜೆಯ ಪ್ರಸಂಗದಲ್ಲಿ ಈ ಮಾತು ಆಡಿದಾಗ, “ಸ್ವಾಮಿ, ನಮ್ಮ ಹೊಳೆಯಲ್ಲಿ ನೀರೆಲ್ಲಿದೆ?” ಎಂದು ಹೊರಗೆ ಬಂದ ಮೇಲೆ ಕೆಲವರು ಕೇಳಿದರು. ಕೇಳಿದುದು 2023ರಲ್ಲಿ. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಹನ್ನೆರಡು ತಿಂಗಳ ಹಿಂದೆ ಕೆಸರು ತೊಳೆದ ಅದೇ ಮೆಟ್ಟಿಲುಗಳ ಮೇಲೆ ನಿಂತು ಮಳೆಗಾಗಿ ಪ್ರಾರ್ಥನೆ ನಡೆಸಿದವರು ನಾವು. ಮಳೆಯನ್ನು ಬೇಡುವ ಪ್ರಾರ್ಥನೆಗಳು ನಮ್ಮ ಪುಸ್ತಕದಲ್ಲಿ ಹಲವಿದ್ದವು, ಹುಡುಕಬೇಕಾಗಲಿಲ್ಲ.

ಈ ಲೇಖನವನ್ನು ಬರೆಯುತ್ತಿರುವಾಗ ಒಂದು ಸಮಾಧಾನದ ಸುದ್ದಿಯನ್ನು ಸೇರಿಸಬಹುದಾಗಿದೆ. ಭತ್ತದ ಮುಳುಗಡೆಯನ್ನು 2026ರ ಮುಂಗಾರು ಹಂಗಾಮಿನಿಂದ ಸ್ಥಳೀಯ ವಿಪತ್ತುಗಳ ಪಟ್ಟಿಗೆ ಮರಳಿ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಅಲ್ಲಿಗೆ ಎಂಟು ಮುಂಗಾರುಗಳು ಕಳೆದಿದ್ದವು. ನಾವು ಆ ಸುದ್ದಿಯ ಪತ್ರಿಕೆಯನ್ನು ಹಿಡಿದು ಹೊಳೆಬದಿಯ ಮನೆಗೆ ಹೋದಾಗ ಯಜಮಾನ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದ. ಅವನು ಆ ತಗ್ಗಿನ ಅರ್ಧ ಎಕರೆಗೆ ಈಗ ಭತ್ತ ಹಾಕುವುದನ್ನು ಬಿಟ್ಟು ಮೇವಿನ ಹುಲ್ಲು ಬೆಳೆಸುತ್ತಿದ್ದಾನೆ. ಉಳಿದ ಒಂದು ಎಕರೆಗೆ ಮುಂಬರುವ ಹಂಗಾಮಿನಲ್ಲಿ ಕಂತು ಕಟ್ಟುವುದಾಗಿ ಹೇಳಿದ. ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವ ಬಗೆಯನ್ನು ಮಗಳಿಂದ ಕಲಿಯುತ್ತಿದ್ದಾನೆ. 2022ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನಾವು ಕೇಳಿದಾಗ ಎದ್ದು ಹೋಗಿ ಹಿತ್ತಿಲ ಗೋಡೆಯನ್ನು ತೋರಿಸಿದ. ಸುಣ್ಣ ಹೊಡೆಸುವಾಗ ಅಷ್ಟು ಜಾಗವನ್ನು ಬಿಡಿಸಿದ್ದ. ಅಂಗಳದಿಂದ ಅದರ ಎತ್ತರವನ್ನು ಟೇಪಿನಿಂದ ಅಳೆದುಕೊಂಡು ಬಂದು, ದಿನಾಂಕದೊಡನೆ, ದೇವಾಲಯದ ದಫ್ತರದಲ್ಲಿ ಮರಣದ ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಬರೆದಿಟ್ಟಿದ್ದೇವೆ: ನಾಲ್ಕು ಅಡಿ ಎರಡು ಅಂಗುಲ.